ದೂರದೂರಿನ ಭತ್ಯೆ

ಉರ್ವದ ಮೂಲೆಯಲ್ಲಿ ಬಸಳೆಯ ಕಟ್ಟುಗಳನ್ನು ಹರಡಿಕೊಂಡು ಕೂರುತ್ತಿದ್ದ ಗುರುವಪ್ಪನ ಹತ್ತಿರ ವ್ಯಾಪಾರಕ್ಕೆ ಹೋದವರು ಬೆಲೆಗಿಂತ ಮೊದಲು ಅವನ ಹೆಸರನ್ನು ಕೇಳಿಸಿಕೊಳ್ಳಬೇಕಿತ್ತು. “ನಾನು ಕುದ್ರೋಳಿಯ ಗುರುವಪ್ಪ” ಎಂದ ಮೇಲೆಯೇ ಬಸಳೆಯ ಮಾತು. ದಿನವೂ ಬರುವ ಗಿರಾಕಿಗೂ ಇದು ತಪ್ಪುತ್ತಿರಲಿಲ್ಲ. ಅರಳುಮರಳು ಎಂದು ಕೆಲವರು ಆಡಿಕೊಂಡರು. ಆಡಿಕೊಳ್ಳುವ ಬಾಯಿಗೆ ಬೀಗ ಹಾಕುವವರು ಯಾರು? ಅವನಿಗೆ ಆಗ ಐವತ್ತೂ ದಾಟಿರಲಿಲ್ಲ, ಬುದ್ಧಿ ನೆಟ್ಟಗೇ ಇತ್ತು. ಹೆಸರನ್ನು ಮುಚ್ಚಿಟ್ಟು ಅನ್ನ ತಿಂದ ಕಾಲವೊಂದು ಅವನ ಬದುಕಿನಲ್ಲಿತ್ತು. ಅದನ್ನು ತಿಳಿಯದವರು ನಕ್ಕರು, ತಿಳಿದವರು ಬಸಳೆ ತೆಗೆದುಕೊಂಡು ಸುಮ್ಮನೆ ಮನೆಗೆ ಹೋದರು.

ಅದು ಜಿಲ್ಲೆಗೆ ಬಸ್ಸುಗಳು ಹೊಸದಾಗಿ ಬಂದ ಕಾಲ. ಬಂದರಿನಲ್ಲಿ ಎಡ್ವಿನ್ ಪೊರ್ಬುಗಳ ಕಾಫಿ ಹುಡಿಯ ವ್ಯಾಪಾರವಿತ್ತು. ಕ್ರಿಸ್ತುವರ ದೊಡ್ಡ ಜನರನ್ನು ತುಳುವರು ಪೊರ್ಬುಗಳೆಂದೇ ಕರೆಯುವುದು. ಮೊಹರು ಒತ್ತಿದ ತಗಡಿನ ಡಬ್ಬಗಳಲ್ಲಿ ಅವರ ಹುಡಿ ಊರೂರಿಗೆ ಹೋಗುತ್ತಿತ್ತು. ಅಂಗಡಿಯವರು ಡಬ್ಬ ಒಡೆದು ಬಿಡಿಯಾಗಿ ತೂಗಿ ಮಾರುತ್ತಿದ್ದರು. ಒಡೆದ ಮೇಲೆ ಅದರೊಳಗೆ ಹುರಿದ ಹುಣಸೆಬೀಜ ಸೇರಿತೋ, ಸುಟ್ಟ ಹುರುಳಿ ಸೇರಿತೋ ದೇವರೇ ಬಲ್ಲ. ಕಾಫಿ ಕೆಟ್ಟರೆ ಜನ ಬೈಯುವುದು ಮಾತ್ರ ಪೊರ್ಬುಗಳನ್ನು.

ಅದಕ್ಕಾಗಿ ಅವರು ಗುಟ್ಟಾಗಿ ಇಬ್ಬರನ್ನು ಇಟ್ಟುಕೊಂಡಿದ್ದರು, ಗುರುವಪ್ಪ ಮತ್ತು ಅವನ ನೆರೆಮನೆಯ ನೋಣಯ್ಯ. ಇಬ್ಬರೂ ಚಡ್ಡಿ ಹಾಕುವ ಮೊದಲಿನಿಂದ ಜೊತೆಗಾರರು. ಇವರ ಕೆಲಸ ಕಾಫಿ ಕೊಳ್ಳುವುದು. ಯಾರೋ ದಾರಿಹೋಕರಂತೆ ಅಂಗಡಿಗೆ ಹೋಗಿ, ಕಾಲು ರಾತಲು ಹುಡಿ ಕಟ್ಟಿಸಿಕೊಂಡು, ಹೇಳಿದ ಬೆಲೆಯನ್ನು ನೆನಪಿಟ್ಟುಕೊಂಡು ಬರುವುದು. ಪೊರ್ಬುಗಳು ಆ ಹುಡಿಯನ್ನು ಗಾಜಿನ ಲೋಟದಲ್ಲಿದ್ದ ತಣ್ಣೀರಿನ ಮೇಲೆ ಉದುರಿಸಿ ನೋಡುತ್ತಿದ್ದರು. ಒಳ್ಳೆಯ ಹುಡಿ ತೇಲುತ್ತದೆ, ಕಲಬೆರಕೆ ನೀರಿಗೆ ಬಣ್ಣ ಬಿಟ್ಟು ತಳಕ್ಕೆ ಇಳಿಯುತ್ತದೆ.

ಒಂದು ಕಟ್ಟಪ್ಪಣೆ ಇತ್ತು. ಹೋದಲ್ಲಿ ತಮ್ಮ ಹೆಸರು ಹೇಳಬಾರದು. ಇಂಥವರು ಪೊರ್ಬುಗಳ ಜನ ಎಂದು ಒಂದು ಅಂಗಡಿಗೆ ಗೊತ್ತಾದರೆ ಘಟ್ಟದ ಬುಡದವರೆಗೂ ಸುದ್ದಿ ಹಬ್ಬುತ್ತದೆ. ಆದರೆ ನಮ್ಮ ಕಡೆಯ ಅಂಗಡಿಯವರು ಹೆಸರು, ಊರು ಕೇಳದೆ ಯಾರಿಗಾದರೂ ಜಗಲಿ ಬಿಟ್ಟುಕೊಟ್ಟದ್ದುಂಟೇ? ಸುಳ್ಳು ಹೆಸರು ಹೇಳುವುದು ಗುರುವಪ್ಪನಿಗೆ ಲೀಲಾಜಾಲ. ಕಾಸರಗೋಡಿನಲ್ಲಿ ಒಂದು ಹೆಸರು, ಕಾರ್ಕಳದಲ್ಲಿ ಇನ್ನೊಂದು. ಒಮ್ಮೆ ಒಂದೇ ಬೀದಿಯ ಎರಡು ಅಂಗಡಿಗಳಲ್ಲಿ ಎರಡು ಹೆಸರು ಹೇಳಿ, ಎರಡನೆಯ ಕಡೆ ಮೊದಲನೆಯವನ ಅಣ್ಣನಾಗಿಯೂ ಬಂದಿದ್ದ. ನೋಣಯ್ಯನದು ಬೇರೆ ಕಥೆ. ಸುಳ್ಳು ಹೇಳಲು ಹೋದರೆ ಅವನ ನಾಲಗೆ ಅಂಗುಳಕ್ಕೆ ಅಂಟುತ್ತಿತ್ತು. ಊರನ್ನಂತೂ ಕುದ್ರೋಳಿ ಎಂದೇ ಹೇಳಿಬಿಡುತ್ತಿದ್ದ.

ಪಕ್ಕದ ಉರ್ವಕ್ಕೆ, ಕದ್ರಿಗೆ ಹೋಗಿ ಬಂದರೂ ಪೊರ್ಬುಗಳು ಕೊಡುವ ಕೂಲಿ ಅಷ್ಟೇ, ಘಟ್ಟದ ಬುಡದ ಜ್ವರದ ಸೀಮೆಗೆ ಹೋಗಿ ಬಂದರೂ ಅಷ್ಟೇ. ಬಸ್ಸಿನ ಚಾರ್ಜು ಮಾತ್ರ ಬೇರೆ. ಇದು ಗುರುವಪ್ಪನಿಗೆ ನುಂಗಲಾರದ ತುತ್ತಾಗಿತ್ತು. ಒಂದು ವರ್ಷ ಮಳೆ ಹಿಡಿಯುವ ಹೊತ್ತಿಗೆ, ಆ ಸೀಮೆಯ ಸಂಪಾಜೆಗೆ ಹೋಗುವ ಸರದಿ ಅವನದೇ ಬಂದಾಗ, ಪೊರ್ಬುಗಳ ಮುಂದೆ ಹೋಗಿ ನಿಂತ.

“ಕದ್ರಿಗೆ ಹೋದವ ಮಧ್ಯಾಹ್ನ ಮನೆಯಲ್ಲಿ ಉಣ್ತಾನೆ ಪೊರ್ಬುಗಳೇ. ದೂರ ಹೋದವ ಯಾರದ್ದೋ ಜಗಲಿಯಲ್ಲಿ ಮಲಗ್ಬೇಕು, ಸೊಳ್ಳೆಗೆ ರಕ್ತ ಕೊಡ್ಬೇಕು. ಎರಡಕ್ಕೂ ಒಂದೇ ಅಂದ್ರೆ ಅದು ಎಂತ ನ್ಯಾಯ? ದೂರಕ್ಕೆ ಬೇರೆ ಭತ್ಯೆ ಕೊಡಿ.”

“ನೀವು ಹೋಗುವುದು ಕಾಫಿ ತಕ್ಕೊಳ್ಳಲಿಕ್ಕೆ, ಕಲ್ಲು ಹೊರಲಿಕ್ಕೆ ಅಲ್ಲ” ಎಂದರು ಪೊರ್ಬುಗಳು. ಕೆಟ್ಟ ಮನುಷ್ಯರಲ್ಲ, ಕೈ ಮಾತ್ರ ಬಿಗಿ. ಗುರುವಪ್ಪನೂ ಬಿಡುವ ಜಾತಿಯವನಲ್ಲ. ಭತ್ಯೆ ಕೊಡುವವರೆಗೆ ದೂರದ ಊರಿಗೆ ಕಾಲಿಡುವುದಿಲ್ಲ ಎಂದು ಹೇಳಿ ಬಂದ. ಹಗ್ಗಜಗ್ಗಾಟ ದಿನದಿಂದ ದಿನಕ್ಕೆ ಬೆಳೆಯಿತು. ಹಾಗಾದರೆ ಬೇರೆ ಜನ ನೋಡುತ್ತೇನೆ ಎಂಬಲ್ಲಿಗೆ ಪೊರ್ಬುಗಳ ಮಾತು ಬಂದು ನಿಂತಿತು.

ಆಗ ನೋಣಯ್ಯ ಗೆಳೆಯನನ್ನು ಬೇಲಿಯ ಹತ್ತಿರ ಕರೆದ. “ಇಬ್ಬರೂ ಹೋಗದಿದ್ರೆ ಕೆಲಸವೇ ಹೋಗ್ತದೆ ಮಾರಾಯ. ನೀನು ಇಲ್ಲಿದ್ದು ಮಾತಾಡು, ಮಾತು ನಿನಗೆ ಬರ್ತದೆ. ಈ ಸಲ ನಿನ್ನ ಬದಲಿಗೆ ನಾನು ಹೋಗಿ ಬರ್ತೇನೆ.”

ಗುರುವಪ್ಪ ಬೇಡವೆನ್ನಲಿಲ್ಲ. ಬೇಡವೆನ್ನಬೇಕು ಎಂದು ಆ ಕ್ಷಣದಲ್ಲಿ ಅವನಿಗೆ ಅನಿಸಲೂ ಇಲ್ಲ. ನೋಣಯ್ಯ ಅಕ್ಕ ದೇಯಿಗೆ ಹೇಳಿ, ಕೊಡೆ ಹಿಡಿದುಕೊಂಡು, ಸಂಪಾಜೆಯ ದಾರಿಯಾಗಿ ಹೋಗುವ ಮಡಿಕೇರಿಯ ಬಸ್ಸು ಹತ್ತಿದ. ಮದುವೆಯಾಗದ ನೋಣಯ್ಯನಿಗೂ ಗಂಡ ಸತ್ತು ತಾಯಿಮನೆಗೆ ಬಂದಿದ್ದ ದೇಯಿಗೂ ಒಬ್ಬರಿಗೊಬ್ಬರು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ನಾಲ್ಕೈದು ದಿನ ಕಳೆದಿರಬೇಕು. ಕುದ್ರೋಳಿಯ ಹೋಟೆಲಿನಲ್ಲಿ ಗುರುವಪ್ಪ ಚಾ ಕುಡಿಯುತ್ತಿದ್ದಾಗ ಆ ಬಸ್ಸಿನ ಕಂಡಕ್ಟರ್ ಒಳಗೆ ಬಂದು, ಕುದ್ರೋಳಿಯ ಗುರುವಪ್ಪ ಎಂಬವನು ಸಂಪಾಜೆಯಲ್ಲಿ ಚಳಿಜ್ವರ ಬಂದು ತೀರಿಕೊಂಡನಂತೆ, ಮನೆಯವರಿಗೆ ತಿಳಿಸಬೇಕಂತೆ, ಅವನ ಮನೆ ಎಲ್ಲಿ ಎಂದು ಕೇಳಿದ. ಹೋಟೆಲಿಗೆ ಹೋಟೆಲೇ ಗುರುವಪ್ಪನ ಕಡೆ ತಿರುಗಿತು. ಆಮೇಲೆ ಎದ್ದ ನಗು ರಸ್ತೆಯವರೆಗೆ ಕೇಳಿಸಿತಂತೆ.

“ನಾನು ಯಾವಾಗ ಸತ್ತದ್ದು ಮಾರಾಯ?” ಎಂದು ಗುರುವಪ್ಪನೂ ನಕ್ಕ. ಕಂಡಕ್ಟರನಿಗೆ ತಾನೇ ಚಾ ಕುಡಿಸಿದ.

ಬದುಕಿದ್ದವನು ಸತ್ತನೆಂದು ಸುದ್ದಿಯಾದರೆ ಆಯುಷ್ಯ ಹೆಚ್ಚುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಗುರುವಪ್ಪ ದೇಯಿಯ ಬಾಗಿಲಿಗೆ ಹೋಗಿ ತನ್ನ ಸಾವಿನ ಸುದ್ದಿ ಹೇಳಿದಾಗ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒಳಗೆ ಹೋಗಿ ಒಂದು ತುಂಡು ಬೆಲ್ಲ ತಂದು ಅವನ ಕೈಯಲ್ಲಿಟ್ಟಳು.

ಮರುದಿನ ಅವನು ಅದೇ ತಮಾಷೆಯನ್ನು ಪೊರ್ಬುಗಳ ಮುಂದೆ ಬಿಚ್ಚಿದ. “ನೋಡಿ, ಸಂಪಾಜೆ ಅಂದ್ರೆ ಹಾಗಿನ ಊರು. ಹೋಗದೆಯೇ ನಾನು ಸತ್ತೆ. ಹೋದವನಿಗೆ ಭತ್ಯೆ ಬೇಡವಾ?” ಪೊರ್ಬುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವಿನ ಭರದಲ್ಲಿ ಅವರ ಬಿಗಿಯೂ ಸಡಿಲಾಯಿತು. ದೂರದ ಊರಿಗೆ ಬೇರೆ ಭತ್ಯೆ ಎಂದು ಆವತ್ತೇ ಒಪ್ಪಿಕೊಂಡರು. ಗುರುವಪ್ಪ ಗೆದ್ದೆನೆಂದುಕೊಂಡು ಮನೆಗೆ ಬಂದ. ನೋಣಯ್ಯ ಬಂದ ಕೂಡಲೇ ಹೇಳಬೇಕೆಂದು ಬೇಲಿಯ ಹತ್ತಿರ ಕಾದ.

ನೋಣಯ್ಯ ಬರಲಿಲ್ಲ. ಹೊಳೆ ತುಂಬಿರಬೇಕು, ಬಸ್ಸು ಕೆಟ್ಟಿರಬೇಕು ಎಂದು ಗುರುವಪ್ಪ ದೇಯಿಗೆ ದಿನಕ್ಕೊಂದು ಸಬೂಬು ಹೇಳಿದ. ಸುಳ್ಳು ಹೆಸರಿನಲ್ಲೇ ಹೊಟ್ಟೆ ಹೊರೆದವನಿಗೆ ಆ ಸುದ್ದಿಯ ಹೆಸರೂ ಸುಳ್ಳಾಗಿರಬಹುದು ಎಂದು ಹೊಳೆಯಬಾರದೇ? ಹೊಳೆಯಲಿಲ್ಲ. ತನ್ನ ಹೆಸರು ಕಿವಿಗೆ ಬಿದ್ದಾಗ ಮನುಷ್ಯ ತನ್ನನ್ನು ಬಿಟ್ಟು ಬೇರೆ ಯಾರನ್ನು ನೆನೆಯುತ್ತಾನೆ! ಕೊನೆಗೆ ದೇಯಿ ಊಟ ಬಿಟ್ಟು ಬಸ್ಸು ನಿಲ್ಲುವಲ್ಲಿಗೆ ಹೋಗಿ ನಿಲ್ಲತೊಡಗಿದ ಮೇಲೆ, ಅವನು ಹೊಸ ಭತ್ಯೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಂಪಾಜೆಗೆ ಹೊರಟ.

ಅಲ್ಲಿ ಕಾಫಿ ಡಬ್ಬ ಇಟ್ಟಿದ್ದುದು ಮೊಯ್ದೀನಬ್ಬ ಎಂಬ ಬ್ಯಾರಿ ಮುಸಲ್ಮಾನನ ಅಂಗಡಿ. ನೋಣಯ್ಯನೆಂಬವನು ಬಂದಿದ್ದನೇ ಎಂದು ಗುರುವಪ್ಪ ಕೇಳಿದ.

“ಇಲ್ಲ, ಆ ಹೆಸರಿನವ ಬರ್ಲಿಲ್ಲ” ಎಂದ ಮೊಯ್ದೀನಬ್ಬ. “ಕುದ್ರೋಳಿಯವ ಒಬ್ಬ ಬಂದಿದ್ದ, ಗುರುವಪ್ಪ ಅಂತ. ಪಾಪ, ಈ ಜಗಲಿಯಲ್ಲೇ ಹೋದ. ಬಸ್ಸಿನವರ ಹತ್ರ ಹೇಳಿ ಕಳಿಸಿದೆ, ಯಾರೂ ಬರ್ಲಿಲ್ಲ. ಅವನಿಗೆ ಮನೆಯವರು ಅಂತ ಯಾರೂ ಇಲ್ಲವಾ?”

ಗುರುವಪ್ಪನಿಗೆ ಯಾವತ್ತೋ ಒಮ್ಮೆ ನೋಣಯ್ಯ ತೊದಲಿದ್ದನ್ನು ಅಣಕಿಸುತ್ತ ತಾನೇ ಹೇಳಿದ ಮಾತು ನೆನಪಾಯಿತು. ಹೆಸರು ಹೊಳೆಯದಿದ್ದರೆ ನನ್ನದನ್ನೇ ಹೇಳು, ನನಗೆ ಎಂತ ನಷ್ಟ ಎಂದಿದ್ದ.

ಮೊಯ್ದೀನಬ್ಬ ಒಂದೊಂದಾಗಿ ಹೇಳುತ್ತ ಹೋದ. ಕಾಫಿ ಕಟ್ಟಿಸಿಕೊಳ್ಳುವಾಗಲೇ ಆ ಮನುಷ್ಯನಿಗೆ ನಡುಕವಿತ್ತು. ಒಳಗಿನಿಂದ ಹೆಂಡತಿ ಸುಹರಾ ಗಂಜಿಯ ತಿಳಿ ಮಾಡಿ ಕಳಿಸಿದಳು, ಕಂಬಳಿ ಕೊಟ್ಟಳು. ಸತ್ತ ಮೇಲೆ ಸತ್ತವನ ಜಾತಿಯ ಜನರನ್ನೇ ಹುಡುಕಿ ಕರೆಸಿ ಮೊಯ್ದೀನಬ್ಬ ಹೊಳೆಯ ಬದಿಯಲ್ಲಿ ಮಣ್ಣು ಮಾಡಿಸಿದ.

“ಜ್ವರ ಏರಿದಾಗ ಗುರುವಪ್ಪಾ, ಗುರುವಪ್ಪಾ ಅಂತ ಕರೀತಿದ್ದೆವು. ಕರೆದಾಗೆಲ್ಲ ಕಣ್ಣು ಬಿಟ್ಟು ಬಾಗಿಲ ಕಡೆ ನೋಡ್ತಿದ್ದ, ಯಾರೋ ಬಂದ ಹಾಗೆ. ಆಮೇಲೆ ಮುಚ್ಚಿಕೊಳ್ತಿದ್ದ.”

ಇಷ್ಟು ಹೇಳಿ ಅವನು ನೋಣಯ್ಯನ ಕೊಡೆಯನ್ನೂ ಕಾಫಿಯ ಕಟ್ಟನ್ನೂ ತಂದುಕೊಟ್ಟ. ನಿಮ್ಮ ಹೆಸರು ಎಂತ ಎಂದು ಕೇಳಿದ. ಜಿಲ್ಲೆಯ ಉದ್ದಗಲಕ್ಕೂ ಈ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟಿದ್ದ ಗುರುವಪ್ಪ ಕೊಡೆಯ ಹಿಡಿ ತಿರುವುತ್ತ ನಿಂತ. ತನ್ನ ಬದಲಿಗೆ ಬಂದವನು ತನ್ನ ಹೆಸರಿನಲ್ಲೇ ಸತ್ತ ಜಗಲಿಯಲ್ಲಿ ನಿಂತು ಸುಳ್ಳು ಹೇಳಲು ಮನಸ್ಸು ಬರಲಿಲ್ಲ, ನಿಜ ಹೇಳಲು ಮುಖವಿರಲಿಲ್ಲ.

“ಗುರುವಪ್ಪ” ಎಂದ ಕೊನೆಗೆ.

ಮೊಯ್ದೀನಬ್ಬ ಅವನ ಮುಖ ನೋಡಿದ. ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದ.

ಕಾಫಿಯ ಕಟ್ಟನ್ನು ಗುರುವಪ್ಪ ಪೊರ್ಬುಗಳಿಗೆ ಒಪ್ಪಿಸಿದ. ಅದರ ಸಲುವಾಗಿ ಒಬ್ಬ ಸತ್ತಿದ್ದನಲ್ಲ, ಒಪ್ಪಿಸದೆ ಇರುವುದು ಹೇಗೆ. ಹುಡಿ ತೇಲಿತು. ಮೊಯ್ದೀನಬ್ಬ ಚಿಟಿಕೆಯಷ್ಟೂ ಕಲಬೆರಕೆ ಮಾಡಿರಲಿಲ್ಲ. ನಡೆದದ್ದನ್ನು ಕೇಳಿ ಪೊರ್ಬುಗಳು ಶಿಲುಬೆಯ ಗುರುತು ಮಾಡಿಕೊಂಡರು. ದೇಯಿಗೆಂದು ಹಣ ಕೊಡಲು ಬಂದರು, ಭತ್ಯೆಯನ್ನು ಇಮ್ಮಡಿ ಮಾಡುತ್ತೇನೆ ಎಂದರು. ಗುರುವಪ್ಪ ದೇಯಿಯ ಪಾಲನ್ನು ಮಾತ್ರ ತೆಗೆದುಕೊಂಡ. ಸೊಂಟದಲ್ಲಿದ್ದ ಭತ್ಯೆಯಲ್ಲಿ ಉಳಿದದ್ದನ್ನು ಮೇಜಿನ ಮೇಲಿಟ್ಟು ಕೆಲಸ ಬಿಟ್ಟು ಬಂದ.

ದೇಯಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವಳು ಅಳುತ್ತಾಳೆ, ಬೈಯುತ್ತಾಳೆ, ಕೊಡೆಯಿಂದ ಹೊಡೆದರೂ ಹೊಡೆದಾಳು ಎಂದುಕೊಂಡಿದ್ದ. ಅವಳು ಕೇಳಿದ್ದು ಒಂದೇ.

“ಆವತ್ತು ನಾನು ನಿನಗೆ ಬೆಲ್ಲ ಕೊಟ್ಟೆ ಅಲ್ಲವಾ?”

ಅಷ್ಟರಲ್ಲಿ ಮಳೆಗಾಲದ ನಡುವಿನ ಆಟಿ ತಿಂಗಳು ಬಂತು. ಆಟಿಯಲ್ಲಿ ತುಳುವರ ಮನೆಗಳಲ್ಲಿ ಸತ್ತವರಿಗೆ ಬಡಿಸುತ್ತಾರೆ. ಎಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟು, ಹೆಸರು ಹಿಡಿದು ಕರೆದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ, ಅವರು ಉಂಡು ಮುಗಿಸುವಷ್ಟು ಹೊತ್ತು ಕಾಯುತ್ತಾರೆ. ದೇಯಿ ತಮ್ಮನಿಗೆ ಬಂಗುಡೆ ಮೀನಿನ ಸಾರು ಮಾಡಿದಳು. ನೋಣಯ್ಯಾ, ಬಾ ಎಂದು ಕರೆದಳು. ಮತ್ತೆ ಕರೆದಳು. ಬಾಗಿಲು ಮುಚ್ಚಲಾರದೆ ಹೊರಗೆ ಬಂದು ಅಂಗಳದಲ್ಲಿದ್ದ ಗುರುವಪ್ಪನ ಮುಂದೆ ನಿಂತಳು. “ಕಡೆಗೆ ಅವನನ್ನು ಎಲ್ಲರೂ ಕರೆದದ್ದು ಬೇರೆ ಹೆಸರಿನಲ್ಲಿ. ನಾನು ಕರೆದದ್ದು ಅವನಿಗೆ ಕೇಳಿತಾ ಎಂತದೋ” ಎಂದಳು.

“ನನ್ನ ಹೆಸರಿನಲ್ಲೇ ಕರೆ ಅಕ್ಕ” ಎಂದ ಗುರುವಪ್ಪ.

ನೆರೆಯ ಹೆಂಗಸರು ಬೇಡವೇ ಬೇಡ ಎಂದರು. ಬದುಕಿದ್ದವನ ಹೆಸರನ್ನು ಸತ್ತವರ ಎಲೆಯ ಮುಂದೆ ಕೂಗಿದರೆ ಕೆಟ್ಟದ್ದನ್ನು ಕೈ ಹಿಡಿದು ಕರೆದಂತೆ ಎಂದರು. ಗುರುವಪ್ಪ “ಅವ ಹಸಿದಿರ್ತಾನೆ, ಕರೆ” ಎಂದಷ್ಟೇ ಮತ್ತೊಮ್ಮೆ ಹೇಳಿದ.

ದೇಯಿ ಒಳಗೆ ಹೋದಳು. ಎಲೆಯ ಮುಂದೆ ನಿಂತು, “ಗುರುವಪ್ಪಾ, ಉಣ್ಣಲಿಕ್ಕೆ ಬಾ” ಎಂದಳು.

ಹುಟ್ಟಿದಂದಿನಿಂದ ಆ ಹೆಸರಿಗೆ ಓಗೊಟ್ಟ ಅಭ್ಯಾಸ. ‘ಓ’ ಎನ್ನಲು ಅವನ ಗಂಟಲು ತಾನಾಗಿಯೇ ಬಿಚ್ಚಿಕೊಂಡಿತು. ಅವನು ತುಟಿ ಕಚ್ಚಿ ಅದನ್ನು ಒಳಗೇ ನುಂಗಿದ. ದೇಯಿ ಬಂದು ಬಾಗಿಲು ಮುಚ್ಚಿದಳು. ಒಳಗಿರುವವನು ಹೊಟ್ಟೆ ತುಂಬ ಉಣ್ಣಲಿ ಎಂದು ಗುರುವಪ್ಪ ಅಂಗಳದ ಮಳೆಯಲ್ಲಿ ಸದ್ದು ಮಾಡದೆ ನಿಂತುಕೊಂಡ.