ನಿಲ್ತೈತೆ, ಹೋಗ್ ಬರ್ರಿ

ಕಳೆದ ಸೋಮವಾರ ಚಿಕ್ಕಜಾಜೂರಿನಿಂದ ಬಸ್ ಕಂಡಕ್ಟರ್ ಕೈಲಿ ನನಗೊಂದು ಕಟ್ಟು ಬಂತು. ಹಳೆಯ ಪೇಪರಿನಲ್ಲಿ ಸುತ್ತಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದಿದ್ದರು. ಕೈಗೆ ಭಾರ. ಬಿಚ್ಚುವ ಮೊದಲೇ ಮೂಗಿಗೆ ಗೊತ್ತಾಯಿತು. ಸುಟ್ಟ ಕಬ್ಬಿಣ, ಸೀಮೆಎಣ್ಣೆ, ಅದರ ಅಡಿಯಲ್ಲೆಲ್ಲೋ ಕರಕಲಾದ ರಬ್ಬರಿನಂಥದ್ದು… ಒಳಗೆ ನಾಲ್ಕು ಬ್ರೇಕ್ ಪ್ಯಾಡುಗಳಿದ್ದವು, ಒಂದೊಂದೂ ಅಂಗೈಯಷ್ಟು. ಒಂದರ ಬೆನ್ನಿನ ತಗಡಿನ ಮೇಲೆ ಬಿಳಿ ಪೇಂಟಿನಲ್ಲಿ ಬರೆದಿತ್ತು: ‘ವಾಪಸ್ ಹಾಕಬೇಕು.’

ಅದು ನಮ್ಮೂರಿನ ಬ್ರೇಕ್ ಮೇಸ್ತ್ರಿಯ ಕೈಬರಹ. ಮೇಸ್ತ್ರಿ ತೀರಿಕೊಂಡು ಆಗಲೇ ಒಂದು ತಿಂಗಳಾಗಿತ್ತು. ಷೆಡ್ ಖಾಲಿ ಮಾಡುವಾಗ ಸಿಕ್ಕಿತೆಂದು ಅವರ ಮಗಳು ಕಳಿಸಿದ್ದರು. ಫೋನಿನಲ್ಲಿ, ‘ನಿಮ್ಮ ಭಾವನ ಗಾಡೀವಂತೆ. ಅಪ್ಪ ಯಾರಿಗೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ,’ ಎಂದಷ್ಟೇ ಹೇಳಿದರು.

ನಾನು ಮದುವೆ ಮನೆಗಳಲ್ಲಿ ಮೈಕ್ ಹಿಡಿದು ಊರವರ ಧ್ವನಿಗಳನ್ನೆಲ್ಲ ಮಾಡಿ ನಗಿಸುವವನು. ಸೀರೆ ಅಂಗಡಿಯ ರಿಯಾಯಿತಿಯನ್ನು ಆಟೋದಲ್ಲಿ ಕೂಗುವ ಧ್ವನಿಯೂ ನನ್ನದೇ. ಹಿರಿಯೂರಿನವರು ಬೈದುಕೊಂಡೇ ಕೇಳುತ್ತಾರೆ. ಹೈಸ್ಕೂಲಿನ ಹೆಡ್‌ಮಾಸ್ತರ್, ಹೊಸದುರ್ಗದ ಬಸ್ಸಿನ ಕ್ಲೀನರ್, ಮೂಗಿನಲ್ಲಿ ಮಾತಾಡುವ ನಮ್ಮ ದೊಡ್ಡಮ್ಮ, ಯಾರನ್ನೂ ಬಿಟ್ಟಿಲ್ಲ. ನಿನ್ನ ಸ್ವಂತ ಧ್ವನಿ ಯಾವುದಯ್ಯ ಎಂದು ಯಾರಾದರೂ ಕೇಳಿದರೆ ನಾನೇ ಸ್ವಲ್ಪ ಹುಡುಕಬೇಕಾಗುತ್ತದೆ. ಮೇಸ್ತ್ರಿಯ ಧ್ವನಿಯೊಂದನ್ನು ಮಾತ್ರ ಐದು ವರ್ಷದಿಂದ ಮಾಡಿರಲಿಲ್ಲ.

ಅವರ ಷೆಡ್ಡು ಹಿರಿಯೂರಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ, ಹೈವೇಗೆ ಬೆನ್ನು ಹಾಕಿ ನಿಂತಿತ್ತು. ಬ್ರೇಕ್ ಬಿಟ್ಟು ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಎಂಜಿನ್ ಕೆಮ್ಮುತ್ತಿದೆ ಎಂದು ಬಂದವರಿಗೆ, ‘ಓಡ್ಸೋದು ಊರೆಲ್ಲ ಕಲ್ತೈತೆ, ಅಲ್ಲಿಗೋಗ್ರಿ,’ ಎಂದು ಕೈ ತೋರಿಸಿಬಿಡುತ್ತಿದ್ದರು. ವಯಸ್ಸಿನಲ್ಲಿ ಕೊಯಮತ್ತೂರಿನ ಕಡೆ ಯಾವುದೋ ರೇಸ್ ಗ್ಯಾರೇಜಿನಲ್ಲಿ ಕೆಲಸ ಮಾಡಿ ಬಂದಿದ್ದರಂತೆ. ಗಾಡಿ ಬಂದರೆ ಓನರಿನ ಮುಖ ನೋಡುವ ಮೊದಲು ಗಾಲಿ ನೋಡುತ್ತಿದ್ದರು. ಬಿಚ್ಚಿದ ಪ್ಯಾಡನ್ನು ಮೂಸಿ, ಉಗುರಿನಿಂದ ಕೆರೆದು, ‘ಮತ್ತೋಡಿನ ಡಾಕ್ಟ್ರಾ? ಹೆಂಡ್ತಿ ಪಕ್ಕ ಕುಂತಾಗ ಮಾತ್ರ ಬ್ರೇಕ್ ಒತ್ತೋ ಆಸಾಮಿ,’ ಎನ್ನುತ್ತಿದ್ದರು. ಸತ್ಯವೂ ಆಗಿರುತ್ತಿತ್ತು.

ಅವರಲ್ಲಿ ಒಂದು ಪದ್ಧತಿಯಿತ್ತು. ಕೆಲಸ ಮುಗಿಸಿ, ತಾವೇ ಸರ್ವೀಸ್ ರೋಡಿನಲ್ಲಿ ಓಡಿಸಿ ನೋಡಿ, ಬಂದು ಗಾಲಿಗೆ ಸ್ಪ್ಯಾನರಿನಿಂದ ಎರಡು ಸಲ ಬಡಿಯುವರು. ಟಣ್, ಟಣ್. ಗಂಟಲು ಸರಿ ಮಾಡಿಕೊಂಡು, ‘ನಿಲ್ತೈತೆ, ಹೋಗ್ ಬರ್ರಿ’ ಎನ್ನುವರು. ಈ ಮಾತು ಬೀಳುವವರೆಗೆ ಯಾವ ಲಾರಿಯವನೂ ಕೀ ತಿರುಗಿಸುತ್ತಿರಲಿಲ್ಲ. ಕೀಗಳು ಪಕ್ಕದ ಟೀ ಅಂಗಡಿ ಅಕ್ಕನ ಹತ್ತಿರ ಇರುತ್ತಿದ್ದವು. ‘ಮೇಸ್ತ್ರಿ ಹೇಳಿದ್ರಾ?’ ಎಂದು ಕೇಳಿಯೇ ಆಕೆ ಕೊಡುತ್ತಿದ್ದುದು. ದಾಖಲೆ, ಸಹಿ ಏನೂ ಇಲ್ಲ. ನಲವತ್ತು ವರ್ಷ ಆ ಒಂದೇ ಮಾತಿನ ಮೇಲೆ ಷೆಡ್ಡು ನಡೆದಿತ್ತು.

ನಾನು ಅಲ್ಲಿಗೆ ಹೋಗುತ್ತಿದ್ದುದು ಟೀಗೆ, ಮತ್ತು ಧ್ವನಿಗಳಿಗೆ. ಮೇಸ್ತ್ರಿಯದು ಸಿಕ್ಕಲು ಮೂರು ತಿಂಗಳು ಹಿಡಿಯಿತು. ಆ ಗಂಟಲಿನ ಕರಕರ, ‘ನಿಲ್ತೈತೆ’ಯಲ್ಲಿ ತೈ ಮೇಲೆ ಬೀಳುವ ತೂಕ… ಒಂದು ದಿನ ಷೆಡ್ಡಿನ ಹಿಂದೆ ನಿಂತು, ಚಮಚದಿಂದ ಲೋಟಕ್ಕೆ ಎರಡು ಬಡಿದು ಹೇಳಿದೆ. ಟೀ ಅಂಗಡಿ ಅಕ್ಕ ನಿಜವಾಗಿಯೂ ಒಬ್ಬ ಡ್ರೈವರಿಗೆ ಕೀ ಕೊಟ್ಟುಬಿಟ್ಟರು. ಮೇಸ್ತ್ರಿ ಓಡಿ ಬಂದು ಕೀ ಕಿತ್ತುಕೊಂಡು, ನನ್ನ ಕಡೆ ತಿರುಗಿ, ಹೊಟ್ಟೆ ಹಿಡಿದು ನಕ್ಕರು. ‘ಲೇ ಕೋತಿ, ನಾನು ಸತ್ತ ಮೇಲೆ ಈ ಷೆಡ್ ನೀನೇ ನಡೆಸ್ಬೋದು ಕಣೋ.’ ಅವತ್ತು ಅವರು ನಗದೆ ನನ್ನ ಕಪಾಳಕ್ಕೊಂದು ಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ.

ನಮ್ಮ ಭಾವ, ಎಂದರೆ ಅಕ್ಕನ ಗಂಡ, ಚಿತ್ರದುರ್ಗದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು, ಬುದ್ಧಿಯಲ್ಲಿ ನನ್ನ ವಾರಗೆಯವನು. ಎರಡೇ ಬಾಗಿಲಿನ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ತಂದ. ಅದರಲ್ಲಿ ಹತ್ತುವುದೆಂದರೆ ಹುತ್ತಕ್ಕೆ ಇಳಿದಂತೆ. ಅಕ್ಕ ಸೀರೆಯುಟ್ಟು ಒಂದೇ ಸಲ ಹತ್ತಿದ್ದಳು, ಇಳಿಸಲು ಇಬ್ಬರು ಬೇಕಾದರು. ಕೊಯಮತ್ತೂರಿನ ಹತ್ತಿರದ ರೇಸ್ ಟ್ರ್ಯಾಕಿನಲ್ಲಿ ಯಾರು ಬೇಕಾದರೂ ತಮ್ಮ ಕಾರು ಓಡಿಸುವ ದಿನವೊಂದಿತ್ತು. ಭಾವ ಹೆಸರು ಕೊಟ್ಟ. ಅಲ್ಲಿಂದ ಮೊಬೈಲಿನಲ್ಲಿ ಬ್ರೇಕ್ ಪ್ಯಾಡುಗಳ ವಿಡಿಯೋ ನೋಡುವುದೇ ಅವನ ಊಟ, ತಿಂಡಿ. ಕೊನೆಗೆ ಇರುವುದರಲ್ಲೇ ಅತಿ ಗಟ್ಟಿಯಾದ, ಅಪ್ಪಟ ರೇಸಿನ ಪ್ಯಾಡುಗಳನ್ನು ತರಿಸಿ, ಬಾಳೆಹಣ್ಣಿನ ಚಿಪ್ಪಿನಂತೆ ಎರಡೂ ಕೈಲಿ ಹಿಡಿದು ಷೆಡ್ಡಿಗೆ ಬಂದ.

ಮೇಸ್ತ್ರಿ ಗೋಣಿಚೀಲದ ಮೇಲೆ ಮೂರು ಪ್ಯಾಡ್ ಸಾಲಾಗಿ ಇಟ್ಟರು. ಕಾರಿನಲ್ಲಿ ಇದ್ದದ್ದು, ತಮ್ಮ ಕಪಾಟಿನ ಒಂದು, ಭಾವ ತಂದದ್ದು.

‘ಎಷ್ಟು ಜೋರಾಗಿ ಹೋಗ್ತೀರಿ ಅಂತ ನಾನು ಕೇಳಲ್ಲ. ಎಲ್ಲಿ ನಿಲ್ಲಿಸ್ಬೇಕು ಹೇಳ್ರಿ. ನೋಡ್ರಿ, ಇದು ರೋಡಿಂದು. ಬೆಳಗ್ಗೆ ಎದ್ದು ಒತ್ತಿದ್ರೂ ಕಚ್ಚತೈತೆ. ಆದ್ರೆ ಟ್ರ್ಯಾಕಲ್ಲಿ ನಾಕನೇ ಸುತ್ತಿಗೆ ಕಾದು ಕೈ ಎತ್ತಿಬಿಡ್ತೈತೆ. ನೀವ್ ತಂದಿರೋದು ಉಲ್ಟಾ. ಕಾದ್ರೇನೇ ಅದಕ್ಕೆ ಹಲ್ಲು ಬರೋದು. ತಣ್ಣಗಿದ್ದಾಗ ಬರೇ ವಸಡು.’

‘ಈ ಮಧ್ಯದ್ದು?’ ಎಂದೆ ನಾನು.

‘ಅದು ಎರಡಕ್ಕೂ ಆಗ್ತೈತೆ. ಹೊಸಬರಿಗೆ ಅದೇ ಸಾಕು. ಆದ್ರೆ ನಿಮ್ ಭಾವ ಮೊಬೈಲಲ್ಲಿ ಪಾಸಾಗವ್ರಲ್ಲ!’

ಭಾವ ನಕ್ಕ, ಆದರೆ ತಂದದ್ದೇ ಬೇಕೆಂದು ಹಟ ಹಿಡಿದ. ಮೇಸ್ತ್ರಿ ಒಪ್ಪಿದರು, ಒಂದು ಷರತ್ತಿನ ಮೇಲೆ. ಹೊಸ ಪ್ಯಾಡು ಗಾಲಿಯ ಜೊತೆ ತಿರುಗುವ ಡಿಸ್ಕಿಗೆ ಹೊಂದಿಕೊಳ್ಳಬೇಕಾದರೆ ಒಮ್ಮೆ ಹಾಕಿ, ಹತ್ತು ಸಲ ಪೂರ್ತಿ ನಿಲ್ಲಿಸದೆ ಬ್ರೇಕ್ ಒತ್ತಿ ಕಾಯಿಸಿ, ಆರಲು ಬಿಡಬೇಕು. ಅಷ್ಟು ತಾವು ಮಾಡುತ್ತೇವೆ. ಆಮೇಲೆ ಅವನ್ನು ಬಿಚ್ಚಿ ಹಳೆಯವನ್ನೇ ವಾಪಸ್ ಹಾಕುತ್ತೇವೆ ಎಂದರು. ರೋಡಿಗೆ ಹಳೆಯವು. ಹೊಸವು ಡಿಕ್ಕಿಯಲ್ಲಿ. ಟ್ರ್ಯಾಕ್ ಮುಟ್ಟಿದ ಮೇಲೆ ಹಾಕಿಸಿಕೊಳ್ಳಬೇಕು, ಅಲ್ಲೇ ಬಿಚ್ಚಿಸಿ ಬರಬೇಕು. ಗುರುವಾರ ಸಂಜೆ ಹೊಸವನ್ನು ಹಾಕಿ ಕಾಯಿಸಿ ತಂದು ನಿಲ್ಲಿಸಿದರು. ಬಿಚ್ಚಿಟ್ಟ ಹಳೆಯವುಗಳ ಮೇಲೆ ಬಿಳಿ ಪೇಂಟಿನಲ್ಲಿ ಬರೆದರು. ಶನಿವಾರ ಹತ್ತು ಗಂಟೆಗೆ ಬಂದು ಗಾಡಿ ಒಯ್ಯಿರಿ ಎಂದರು ಭಾವನಿಗೆ.

ಶುಕ್ರವಾರ ಚಿಕ್ಕಜಾಜೂರಿನಲ್ಲಿ ಅವರ ಮೊಮ್ಮಗಳ ನಾಮಕರಣ. ಬೈಕಿನಲ್ಲಿ ನಾನೇ ಕರೆದುಕೊಂಡು ಹೋದೆ. ಮೇಸ್ತ್ರಿ ಮೊಬೈಲ್ ಇಟ್ಟುಕೊಂಡವರಲ್ಲ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನನ್ನ ಫೋನಿಗೆ ಭಾವ ಮಾಡಿದ.

‘ಲೇ, ಮೇಸ್ತ್ರಿಗೆ ಕೊಡೋ. ಕೆಲಸ ಆಗಿದ್ರೆ ಗಾಡಿ ಇವತ್ತೇ ತಗೊಂಡು ಬೆಳಗ್ಗೆ ಬೇಗ ಹೊರಟ್ಬಿಡ್ತೀನಿ.’

ಮೇಸ್ತ್ರಿ ಒಳಗೆ ತೊಟ್ಟಿಲ ಹತ್ತಿರ ಇದ್ದರು. ನನ್ನ ಸುತ್ತ ಅವರ ನೆಂಟರು, ಬೆಳಗಿನಿಂದ ನನ್ನ ಆಟಕ್ಕೆ ನಕ್ಕು ನಕ್ಕು ಬಿಸಿಯಾಗಿದ್ದ ಜನ. ಪಕ್ಕದಲ್ಲೇ ಸ್ಟೀಲ್ ಲೋಟ. ನಾನು ಚಮಚ ತೆಗೆದುಕೊಂಡು ಎರಡು ಬಡಿದೆ. ಗಂಟಲು ಸರಿ ಮಾಡಿಕೊಂಡೆ.

‘ನಿಲ್ತೈತೆ, ಹೋಗ್ ಬರ್ರಿ.’

ಎಲ್ಲರೂ ಗೊಳ್ಳೆಂದರು. ನಾನು ಎಡಗೈಯಲ್ಲಿ ನಮಸ್ಕಾರ ಮಾಡುತ್ತಿದ್ದೆ. ಫೋನು ಕಿವಿಗೆ ತಂದರೆ ಭಾವ ಇಟ್ಟಾಗಿತ್ತು. ಅವನೂ ನಕ್ಕು ಇಟ್ಟಿರುತ್ತಾನೆ ಎಂದುಕೊಂಡೆ. ಅವನು ಯಾವಾಗಲೂ ನನ್ನ ಗುರುತು ಹಿಡಿಯುತ್ತಿದ್ದ. ಹೆಡ್‌ಮಾಸ್ತರ್ ಧ್ವನಿಯಲ್ಲಿ ಮಾಡಿದರೂ ‘ಏನಪ್ಪಾ ಕೋತಿ’ ಎನ್ನುತ್ತಿದ್ದ. ಸಂಜೆ ಒಮ್ಮೆ ನಾನಾಗಿಯೇ ಮಾಡಿದೆ, ಎತ್ತಲಿಲ್ಲ. ಬಿಟ್ಟೆ. ಮಗಳು ಬಲವಂತ ಮಾಡಿದ್ದಕ್ಕೆ ಮೇಸ್ತ್ರಿ ಅಲ್ಲೇ ಉಳಿದರು. ‘ಬೆಳಗ್ಗೆ ಐದಕ್ಕೇ ಹೋಗಾಣ. ಆ ಪ್ಯಾಡ್ ಬದಲಾಯಿಸ್ಬೇಕು,’ ಎಂದಿದ್ದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಹೇಳುವಂಥದ್ದೇನೂ ಇದೆ ಎಂದು ನನಗೆ ಅನಿಸಿರಲೇ ಇಲ್ಲ.

ಬೆಳಗ್ಗೆ ನಾವು ಷೆಡ್ಡಿಗೆ ಬಂದಾಗ ಕಾರಿರಲಿಲ್ಲ. ‘ನಿನ್ನೆ ಸಂಜೆನೇ ಒಯ್ದ್ರು. ನೀವೇ ಫೋನಲ್ಲಿ ಹೇಳಿದ್ರಂತಲ್ಲ,’ ಎಂದರು ಟೀ ಅಂಗಡಿ ಅಕ್ಕ. ಮೇಸ್ತ್ರಿ ಹೆಲ್ಮೆಟ್ಟು ಕೂಡ ತೆಗೆಯದೆ ನಿಂತರು. ಕಪಾಟಿನ ಮೇಲೆ ಹಳೆಯ ಪ್ಯಾಡುಗಳು ಇಟ್ಟಲ್ಲೇ ಇದ್ದವು.

ಅಷ್ಟರಲ್ಲಿ ಆಗಬೇಕಾದದ್ದು ಆಗಿತ್ತು. ಚಳಿಗಾಲದ ಬೆಳಗು. ಭಾವ ಚಿತ್ರದುರ್ಗದಿಂದ ಖಾಲಿ ಹೈವೇಯಲ್ಲಿ ಬ್ರೇಕನ್ನೇ ಮುಟ್ಟದೆ ಹಿರಿಯೂರು ದಾಟಿ ಬಂದಿದ್ದಾನೆ. ಗಾಳಿಗೆ ಡಿಸ್ಕು ಮಂಜಿನಷ್ಟು ತಣ್ಣಗಾಗಿದೆ. ಆದಿವಾಲದ ಹತ್ತಿರ ಟ್ರ್ಯಾಕ್ಟರೊಂದು ಟ್ರೈಲರ್ ಎಳೆದುಕೊಂಡು ರಸ್ತೆ ದಾಟುತ್ತಿತ್ತು. ಭಾವ ಒತ್ತಿದ್ದಾನೆ. ರಸ್ತೆಯ ಮೇಲೆ ಟೈರಿನ ಗುರುತು ಟ್ರೈಲರಿನ ಹತ್ತಿರ ಬಂದ ಮೇಲೆ ಶುರುವಾಗಿತ್ತು… ಕಾರು ಅಷ್ಟು ಗಿಡ್ಡ ಇಲ್ಲದಿದ್ದರೆ ಟ್ರೈಲರಿನ ಕೆಳಗೆ ಹೋಗುತ್ತಿರಲಿಲ್ಲ ಎಂದು ಜನ ಹೇಳಿದರು. ಇಷ್ಟಕ್ಕೆ ನಿಲ್ಲಿಸುತ್ತೇನೆ.

ಹನ್ನೊಂದನೆಯ ದಿನ ಕಳೆದ ಮೇಲೆ ಅಕ್ಕ ಷೆಡ್ಡಿಗೆ ಹೋಗಲೇಬೇಕೆಂದಳು. ನಾನು ಜೊತೆಗೆ ಹೋದೆ. ಅವಳು ಕೂರಲಿಲ್ಲ.

‘ನೀವೇ ಹೇಳಿದ್ರಲ್ಲ, ಹೋಗ್ ಬರ್ರಿ ಅಂತ. ನಾನು ಪಕ್ಕದಲ್ಲೇ ಇದ್ದೆ. ನನ್ನ ಕಿವೀಲಿ ಕೇಳೀನಿ.’

‘ಯಾರ ಫೋನಿಂದಮ್ಮ?’

‘ಇವನ ಫೋನಿಂದ.’

ಮೇಸ್ತ್ರಿ ನನ್ನ ಕಡೆ ನೋಡಿದರು. ನಾಲ್ಕು ನಟ್ಟು ಬಿಗಿಯುವಷ್ಟು ಹೊತ್ತು ನೋಡಿದರು. ಆ ಹೊತ್ತು ನನಗೆಂದು ಕೊಟ್ಟದ್ದು, ನಾನು ಮಾತಾಡಲಿ ಎಂದು. ಊರಿನ ಎಲ್ಲರ ಧ್ವನಿಯನ್ನೂ ಇಟ್ಟುಕೊಂಡಿದ್ದ ಈ ಗಂಟಲಿನಿಂದ ಒಂದು ಕೆಮ್ಮೂ ಬರಲಿಲ್ಲ.

‘ಗಾಡಿ ನನ್ನ ಷೆಡ್ಡಿಂದ ಹೋಗೈತೆ ತಾಯಿ,’ ಎಂದರು ಕೊನೆಗೆ. ‘ಇನ್ನೇನು ಹೇಳ್ಲಿ.’

ಅಕ್ಕ ಒಂದು ಹಿಡಿ ಮಣ್ಣು ತೆಗೆದು ಷೆಡ್ಡಿನ ಬಾಗಿಲಿಗೆ ಎಸೆದಳು.

ಮೇಸ್ತ್ರಿಯ ಮಾತಿನ ಮೇಲೆ ಒಬ್ಬ ಸತ್ತನಂತೆ ಎಂಬುದು ಲಾರಿಗಳಿಗಿಂತ ಬೇಗ ಓಡಿತು. ಮತ್ತೋಡಿನ ಡಾಕ್ಟರು ಬರುವುದನ್ನು ಬಿಟ್ಟರು. ಬಂದ ನಾಲ್ಕು ಜನಕ್ಕೂ ಮೇಸ್ತ್ರಿ ಬಡಿಯುವುದನ್ನು, ಹೇಳುವುದನ್ನು ನಿಲ್ಲಿಸಿದರು. ಸುಮ್ಮನೆ ಕೀ ಚಾಚುತ್ತಿದ್ದರು. ಆರು ತಿಂಗಳ ಮೇಲೆ ನಾನೊಬ್ಬನೇ ಹೋಗಿ ಅವರ ಕಾಲ ಹತ್ತಿರ ಕೂತೆ. ಹೇಳಲು ಬಾಯಿ ತೆರೆಯುವ ಮೊದಲೇ ಅವರು ಅಂದರು:

‘ಎಲ್ಲಿ, ಒಂದ್ಸಲ ಮಾಡು. ನಾನೂ ಕೇಳ್ತೀನಿ.’

ಮಾಡಲು ಹೋದೆ, ಆಗಲಿಲ್ಲ.

‘ನಲವತ್ತು ವರ್ಷ ಆ ಮಾತನ್ನ ಸುಮ್‌ಸುಮ್ನೆ ಆಡಿರ್ಲಿಲ್ಲ ಲೇ ನಾನು. ನೀನು ಊಟದ ಎಲೆ ಮುಂದೆ ಆಡಿದೆ.’ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು. ‘ನನ್ನ ಮುಂದೆ ಅಳಬೇಡ. ನಿಮ್ಮಕ್ಕನ ಮುಂದೆ ಮಾಡು, ಹೋಗು.’

ಹೋಗಲಿಲ್ಲ. ಅಕ್ಕ ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದೆ. ಅವಳೇ ಅಂಗಡಿಯಲ್ಲಿ ಕೂರುವಂತಾಗಲಿ ಎಂದೆ. ಕೂತಳು. ಮತ್ತೊಂದು ನೆಪ ಹುಡುಕಿದೆ. ನೆಪ ಹುಡುಕುವುದರಲ್ಲಿ ನನ್ನ ಮಿಮಿಕ್ರಿಗಿಂತ ಚೆನ್ನಾದ ಕೈ ನನ್ನದು. ಹೀಗೆ ಐದು ವರ್ಷ. ಮೇಸ್ತ್ರಿ ಷೆಡ್ಡಿಗೆ ಬೀಗ ಹಾಕಿ ಮಗಳ ಮನೆಗೆ ಹೋದರು, ಅಲ್ಲೇ ತೀರಿಕೊಂಡರು. ಮಣ್ಣಿಗೂ ನಾನು ಹೋಗಲಿಲ್ಲ. ಹೊಳಲ್ಕೆರೆಯಲ್ಲಿ ಒಂದು ಮದುವೆಯಲ್ಲಿ ಮೈಕ್ ಹಿಡಿದಿದ್ದೆ…

ಇವತ್ತು ಆ ಕಟ್ಟು ಹಿಡಿದು ಚಿತ್ರದುರ್ಗಕ್ಕೆ ಅಕ್ಕನ ಮನೆಗೆ ಬಂದೆ. ಅವಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಮೇಜಿನ ಮೇಲೆ ನಾಲ್ಕೂ ಪ್ಯಾಡ್ ಇಟ್ಟೆ. ಲೋಟ ತೆಗೆದುಕೊಂಡು ಎರಡು ಬಡಿದೆ. ಐದು ವರ್ಷ ಮಾಡದಿದ್ದರೂ ಹಾಳಾದ ಗಂಟಲು ಮರೆತಿರಲಿಲ್ಲ.

‘ನಿಲ್ತೈತೆ, ಹೋಗ್ ಬರ್ರಿ.’

ಒಳಗೆ ನೀರಿನ ಸದ್ದು ನಿಂತಿತು. ಅಕ್ಕ ಒದ್ದೆ ಕೈಲೇ ಬಾಗಿಲಿಗೆ ಬಂದಳು. ಮನೆಯೆಲ್ಲ ಕಣ್ಣಾಡಿಸಿ, ಆಮೇಲೆ ನನ್ನ ಬಾಯಿ ನೋಡಿದಳು. ಪ್ಯಾಡಿನ ಮೇಲಿನ ಬರಹ ಓದಿದಳು.

‘ಅವತ್ತು ಫೋನಲ್ಲಿ ಹಿಂದೆ ಜನ ನಗ್ತಿದ್ರು,’ ಎಂದಳು. ‘ನನ್ನ ಗಂಡನ್ನ ಕಳಿಸ್ವಾಗ ಆ ಮನುಷ್ಯ ನಗುನಗ್ತಾ ಇದ್ದ ಅಂತ ಇಷ್ಟು ವರ್ಷ ಶಾಪ ಹಾಕೀನಿ.’

‘ಅವರು ನಗ್ತಿದ್ದದ್ದು ನನಗೆ ಕಣಕ್ಕ.’

ಅವಳು ಹೊಡೆಯಲಿಲ್ಲ. ಹೊಡೆಯಲಿ ಎಂದು ಕಾದೆ. ಕೈ ಒರೆಸಿಕೊಂಡು, ಪ್ಯಾಡುಗಳನ್ನು ಒಟ್ಟಿಗೆ ಪೇಪರಿನಲ್ಲಿ ಸಡಿಲವಾಗಿ ಸುತ್ತಿ, ಕಟ್ಟನ್ನು ಎದೆಗವಚಿಕೊಂಡಳು.

‘ಅವರ ಮಗಳ ಮನೆಗೆ ಕರ್ಕೊಂಡೋಗು. ದಾರೀಲಿ ನೀನು ಮಾತಾಡ್ಬೇಡ.’

ನಾನು ಮಾತಾಡಲಿಲ್ಲ. ಬೈಕು ಹೊಳಲ್ಕೆರೆ ದಾಟುವವರೆಗೂ ಅಕ್ಕನ ಕೈ ನನ್ನ ಬೆನ್ನಿಗೆ ತಾಕಲಿಲ್ಲ, ಸೀಟಿನ ಹಿಂದಿನ ಕಂಬಿ ಹಿಡಿದೇ ಕೂತಿದ್ದಳು. ಕಟ್ಟು ನಮ್ಮಿಬ್ಬರ ನಡುವೆ ಇತ್ತು. ಚಿಕ್ಕಜಾಜೂರಿನ ರೈಲ್ವೆ ಗೇಟು ಹಾಕಿತ್ತು. ಬ್ರೇಕ್ ಒತ್ತಿದೆ. ಬೈಕು ನಿಂತಿತು. ಕಟ್ಟಿನೊಳಗೆ ಕಬ್ಬಿಣಕ್ಕೆ ಕಬ್ಬಿಣ ತಾಕಿ ಎರಡು ಸಲ ಸದ್ದಾಯಿತು. ಟಣ್, ಟಣ್.

ಇಬ್ಬರೂ ಕೇಳಿಸಿಕೊಂಡೆವು. ರೈಲು ಹೋಗಿ, ಗೇಟು ತೆಗೆದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆವು. ಹಿಂದಿನ ಲಾರಿಯವನು ಹಾರನ್ ಹೊಡೆಯುತ್ತಿದ್ದ. ಹೋಗ್ ಬರ್ರಿ ಎನ್ನುವವರು ಯಾರೂ ಇರಲಿಲ್ಲ.