ನಜೀರ್ ಸಾಹೇಬರ ಬಲಗೈ

ಗುಂಡ್ಲುಪೇಟೆಯಲ್ಲಿ ಕಣ್ಣಿಗೆ ಸಿಗದಷ್ಟು ವೇಗವಾಗಿ ಓಡುವವು ಮೂರೇ: ಊಟಿಗೆ ಹೊರಟ ಟೂರಿಸ್ಟ್ ಕಾರು, ಕೇರಳಕ್ಕೆ ತರಕಾರಿ ಹೊತ್ತ ಲಾರಿ, ಟೈಲರ್ ನಜೀರ್ ಅಹಮದರ ಬಲಗೈ. ಮೊದಲೆರಡಕ್ಕೆ ರಸ್ತೆಯುಬ್ಬು ಹಾಕಿ ಬುದ್ಧಿ ಕಲಿಸಬಹುದು. ಮೂರನೆಯದನ್ನು ತಡೆಯುವ ಉಬ್ಬನ್ನು ಯಾವ ಕಂಟ್ರಾಕ್ಟರೂ ಹಾಕಿಲ್ಲ. ಕಲಿಯಲು ಬಂದವರು ಕತ್ತರಿಯನ್ನು ಬಟ್ಟೆಗೆ ತಾಗಿಸುವ ಮೊದಲೇ "ಕೊಡಿಲ್ಲಿ" ಎಂಬ ಮಂತ್ರ ಮೊಳಗುತ್ತಿತ್ತು. ಕತ್ತರಿ ಆಗಲೇ ಸಾಹೇಬರ ಕೈಯಲ್ಲಿರುತ್ತಿತ್ತು.

ಹೀಗೆ ಆ ಅಂಗಡಿಯಲ್ಲಿ ತಯಾರಾದ ಶಿಷ್ಯರು ಹೊಲಿಗೆ ನೋಡುವುದರಲ್ಲಿ ಅಸಾಧ್ಯರು. ಹೊಲಿಯಲು ಮಾತ್ರ ಯಾರಿಗೂ ಬರುತ್ತಿರಲಿಲ್ಲ. ಪಟ್ಟಶಿಷ್ಯ ಮಾದೇಶ್ ಈಗ ಸಂತೆಮರಹಳ್ಳಿಯಲ್ಲಿ ಎಳನೀರು ಮಾರುತ್ತಾನೆ. ಕುಡಿಯಲು ಬಂದವರ ಶರ್ಟಿನ ಕಾಲರು ಸೊಟ್ಟಗಿದ್ದರೆ ಪುಕ್ಕಟೆಯಾಗಿ ಹೇಳುತ್ತಾನೆ.

ವಯಸ್ಸಾದಂತೆ ಸಾಹೇಬರ ಕತ್ತು ಸೋತಿತು. ಇನ್ನು ಮಿಷಿನ್ ಮುಟ್ಟಕೂಡದು ಎಂದರು ಡಾಕ್ಟರು. ಅಂಗಡಿಯ ಬಾಗಿಲು ಎಳೆದ ವಾರದಲ್ಲೇ ಚಾಮರಾಜನಗರದ ಒಂದು ತರಬೇತಿ ಕೇಂದ್ರದಿಂದ ಕರೆ ಬಂತು. ರವಿಕೆ ಹೊಲಿಯುವುದನ್ನು ಮೊಬೈಲಿನಲ್ಲಿ ಓದಿಕೊಂಡೇ ಕಲಿಯುವಂತೆ ಪಾಠ ಕಟ್ಟಿಕೊಡಬೇಕು, ಹೊಲಿಯುವ ಹಾಗಿಲ್ಲ. ಮನೆಯಲ್ಲಿ ಬೇಗಂ ದಿಲ್ಶಾದ್ ಉರ್ದುವಿನಲ್ಲಿ ಸ್ಪಷ್ಟವಾಗಿಯೇ ಹೇಳಿದರು: "ಇದನ್ನೂ ಕಳಕೊಂಡು ಬಂದರೆ ನೀವು ದಿನವಿಡೀ ನನ್ನ ಅಡುಗೆಮನೆಯಲ್ಲಿ ನಿಂತು ಸೌಟು ಕಿತ್ತುಕೊಳ್ಳುತ್ತೀರಿ. ನಾನು ತವರಿಗೆ ಹೋಗುತ್ತೇನೆ."

ಕೇಂದ್ರದಲ್ಲಿ ಪಾಠ ವಿನ್ಯಾಸದ ಕೆಲಸ ನೋಡಿಕೊಳ್ಳುತ್ತಿದ್ದವಳು ನಾಗಲಕ್ಷ್ಮಿ. ಸಾಹೇಬರ ಮಗಳ ವಯಸ್ಸಿನವಳು. ಮೊದಲ ದಿನವೇ ಕೇಳಿದಳು: "ನಜೀರಣ್ಣ, ಪಾಠ ಮುಗಿದ ಮೇಲೆ ಕಲಿತೋರು ಏನ್ ಮಾಡ್ತಾರೆ? ಅದನ್ನ ಮೊದ್ಲು ಬರೀರಿ."

ಸಾಹೇಬರು ಬೆವರಿ ಬರೆದರು: 'ರವಿಕೆ ಹೊಲಿಯುವುದು ಅವರಿಗೆ ಅರ್ಥವಾಗುತ್ತದೆ.'

"ಅರ್ಥ ಆಗಿದ್ದು ನಿಮ್ಗೆ ಹೆಂಗೆ ಕಾಣುತ್ತೆ?"

"ತಲೆ ಆಡುಸ್ತಾರಲ್ಲವ್ವ!"

"ನಿಮ್ ಮಾದೇಶಾನೂ ಆಡಿಸ್ತಿದ್ದ ಅಂತ ನೀವೇ ಹೇಳಿದ್ರಲ್ಲ."

ಸಾಹೇಬರು ಬರೆದದ್ದನ್ನು ಹೊಡೆದು ಹಾಕಿದರು. ಕೈಗೆ ಗೊತ್ತಿದ್ದುದನ್ನು ಬಾಯಿಗೆ ತರುವುದು ಬಾವಿಗೆ ಬಿದ್ದ ಬಿಂದಿಗೆಯನ್ನು ದಾರದಲ್ಲಿ ಎತ್ತಿದಂತಿತ್ತು. ಹಲವು ಸಲ ತಿದ್ದಿದ ಮೇಲೆ ಕತ್ತರಿಸುವ ಪಾಠ ಸಿದ್ಧವಾಯಿತು: ಅಳತೆ ರವಿಕೆಯನ್ನು ಬಟ್ಟೆಯ ಮೇಲೆ ಹರಡಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಕತ್ತರಿಸಿ. ಸಾಹೇಬರ ಮೀಸೆ ಒಂದು ನೂಲು ಮೇಲೆದ್ದಿತು.

ಪಾಠದ ಪರೀಕ್ಷೆಗೆ ಉಮ್ಮತ್ತೂರಿನ ಗುರುಮಲ್ಲಮ್ಮ ಬಂದರು. ಹರಿದ ಲಂಗಕ್ಕೆ ಮಿಷಿನ್ ತುಳಿದು ಹೊಲಿಗೆ ಹಾಕಿ ಅವರಿಗೆ ಗೊತ್ತಿತ್ತು, ಹೊಸ ಬಟ್ಟೆ ಕತ್ತರಿಸಿದವರಲ್ಲ. ನಾಗಲಕ್ಷ್ಮಿ ನಿಯಮ ಹೇಳಿದಳು: ಪಾಠ ಬರೆದವರು ಬಾಯಿ ಬಿಡುವಂತಿಲ್ಲ, ಕೈ ಹಾಕುವಂತಿಲ್ಲ. ಹಾಕಿದರೆ ಕೆಲಸ ಬೇರೆಯವರಿಗೆ.

ಸಾಹೇಬರಿಗೆ ತಮ್ಮ ಕೈಯ ಚರಿತ್ರೆ ಗೊತ್ತಿತ್ತು. ಎರಡೂ ಕೈಗಳನ್ನು ತೊಡೆಯಡಿಗೆ ತುರುಕಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಭದ್ರವಾಗಿ ಅವುಗಳ ಮೇಲೆ ಕೂತರು.

ಗುರುಮಲ್ಲಮ್ಮ ಮೊಬೈಲ್ ನೋಡಿ ನೋಡಿ ಅಳತೆ ರವಿಕೆ ಹರಡಿದರು. ಗೆರೆ ಎಳೆದರು. ಕತ್ತರಿ ಎತ್ತಿದರು. ಆಗ ಸಾಹೇಬರಿಗೆ ಹೊಳೆಯಿತು. ಹೊಲಿಗೆಗೆಂದು ಗೆರೆಯಾಚೆ ಒಂದು ಬೆರಳಗಲ ಬಟ್ಟೆ ಬಿಡಬೇಕಲ್ಲ! ಜೀವಮಾನವಿಡೀ ಅದನ್ನು ಕೈಯೇ ಬಿಡುತ್ತಿತ್ತು. ಬಾಯಿ ಯಾರಿಗೂ ಹೇಳಿರಲಿಲ್ಲ, ಪಾಠದಲ್ಲೂ ಬಂದಿರಲಿಲ್ಲ.

"ಸಾಬ್ರೇ, ಗೆರೆ ಮ್ಯಾಲೇ ಕತ್ತರಿಸ್ಬುಡ್ಲಾ?"

ಸಾಹೇಬರು ಫ್ಯಾನು ನೋಡಿದರು.

"ಯಾಕವ್ವ ಇವ್ರು ಮಾತಾಡಕಿಲ್ಲ? ಉಪಾಸ್ವಾ?"

"ಪರೀಕ್ಷೆ ಕಣಮ್ಮ. ನಿಮ್ಗಲ್ಲ, ಅವ್ರಿಗೆ" ಎಂದಳು ನಾಗಲಕ್ಷ್ಮಿ.

"ಅಂಗಾ? ಮಕ ನೋಡುದ್ರೆ ಫೇಲಾದಂಗದೆ ಬುಡು."

ಕತ್ತರಿ ಕರಕರನೆ ಗೆರೆಯ ಮೇಲೇ ನಡೆಯಿತು. ತುಂಬಿದ ಸಭೆಯಲ್ಲಿ ಸೀರೆ ಸೆಳೆಯುವುದನ್ನು ನೋಡುತ್ತ ಕೂತ ಭೀಷ್ಮನೂ ಇಷ್ಟು ಅಸಹಾಯಕನಾಗಿರಲಾರ. ಅಲ್ಲಿ ಬಟ್ಟೆ ಬೆಳೆಯುತ್ತಲಾದರೂ ಇತ್ತು. ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. ನಾಗಲಕ್ಷ್ಮಿ ಅವರ ಕೈಯನ್ನೇ ನೋಡಿದಳು. ಸಾಹೇಬರು ಬಾಗಿದಲ್ಲೇ ಒಂದು ಗಳಿಗೆ ನಿಂತು, ಮತ್ತೆ ಕೂತುಬಿಟ್ಟರು.

ಹೊಲಿದು ಮುಗಿದ ರವಿಕೆ ಗುರುಮಲ್ಲಮ್ಮನ ಮೊಣಕೈ ದಾಟಲಿಲ್ಲ. "ಮೊಮ್ಮಗಳಿಗಾಯ್ತದೆ ಬುಡಿ" ಎಂದು ಅವರು ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟರು.

ಸಾಹೇಬರ ಕಣ್ಣ ಮುಂದೆ ದಿಲ್ಶಾದ್ ಬೇಗಂ ಸೌಟು ಹಿಡಿದು ನಿಂತಿದ್ದರು. "ಹೋಯ್ತಲ್ಲವ್ವ ಕೆಲ್ಸ" ಎಂದರು ಸಾಹೇಬರು.

"ಎಲ್ಲಿ ಹೋಯ್ತು? ಪಾಠ ಎಲ್ಲಿ ಹೊಲಿಗೆ ಬಿಚ್ಚಿದೆ ಅಂತ ಗೊತ್ತಾಗ್ಲಿ ಅಂತ್ಲೇ ಈ ಪರೀಕ್ಷೆ. ಬಟ್ಟೆ ಬಿಡೋದನ್ನ ಬರೆದು ಸೇರಿಸಿ, ಇನ್ನೊಬ್ರನ್ನ ಕರೆಸನ. ನನಗೆ ಭಯ ಇದ್ದದ್ದು ಪಾಠದ್ದಲ್ಲ ನಜೀರಣ್ಣ, ನಿಮ್ ಕೈದು. ಸೋಮವಾರದಿಂದ ಬನ್ನಿ, ಕೆಲ್ಸ ನಿಮ್ದೇ." ನಾಗಲಕ್ಷ್ಮಿಯ ಕಣ್ಣಲ್ಲಿ ಭಕ್ತಿಯೇ ಇತ್ತು. "ಎದುರಿಗೇ ಬಟ್ಟೆ ಹಾಳಾಗ್ತಿತ್ತು. ಎದ್ದೋರು ಹಾಗೇ ಕೂತ್ಕೊಂಡ್ರಲ್ಲ, ಅಷ್ಟು ಮನಸ್ಸು ಹೆಂಗೆ ಗಟ್ಟಿ ಮಾಡ್ಕೊಂಡ್ರಿ?"

ನಜೀರ್ ಅಹಮದರು ಎರಡೂ ಅಂಗೈಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದರು.

"ಕಿತ್ಕಳಕ್ಕೇ ಎದ್ದಿದ್ದು ಕಣವ್ವ. ಕೈ ಜೋಮು ಹಿಡ್ಕಬುಟ್ಟಿತ್ತು."