ಗೂಡು ಸೀಳಿ ನೋಡುವವನ ಮಗಳ ಕಣ್ಣು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನನ್ನ ತಮ್ಮನಿಗೆ ಮೋಸ ಮಾಡುವುದು ಕಷ್ಟ. ರೇಷ್ಮೆ ನೂಲು ತೆಗೆಸುವ ಕಸುಬು ಅವನದು. ಗೂಡು ಹಾಲಿನಂತೆ ಬೆಳ್ಳಗಿದ್ದರೂ ನಂಬುವುದಿಲ್ಲ. ರಾಶಿಯಿಂದ ನಾಲ್ಕು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬ್ಲೇಡಿನಿಂದ ಸೀಳಿ, ಒಳಗಿನ ಹುಳು ಕೊಳೆತಿಲ್ಲವೆಂದು ಕಂಡ ಮೇಲೆಯೇ ಹರಾಜಿಗೆ ಇಳಿಯುತ್ತಾನೆ. ಇಂಥವನು ಸ್ವಂತ ಮಗಳ ಕಣ್ಣನ್ನು ಹೊರಗಿನಿಂದಲೇ ನೋಡಿ ಪಾಸು ಮಾಡಿಬಿಟ್ಟ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮಗುವಿಗೆ ಆಗ ಏಳು ವರ್ಷ. ಮೊಣಕಾಲು ಊದುವ ಸಂಧಿವಾತ ಮೊದಲೇ ಇತ್ತು. ಈ ಕಾಯಿಲೆಯ ಕೆಲವು ಮಕ್ಕಳಿಗೆ ಕಣ್ಣಿನೊಳಗೂ ಉರಿಯೂತ ಬರುತ್ತದೆ. ಕೆಂಪಾಗುವುದಿಲ್ಲ, ನೋಯುವುದಿಲ್ಲ, ಸದ್ದಿಲ್ಲದೆ ಕೂತಿರುತ್ತದೆ. ಅದಕ್ಕೇ ವಾರಕ್ಕೊಂದು ದಿನ ಮಾತ್ರೆ, ಮೂರು ತಿಂಗಳಿಗೊಮ್ಮೆ ಬೆಂಗಳೂರಿನಲ್ಲಿ ಕಣ್ಣಿನ ತಪಾಸಣೆ. ಕೊರೊನಾ ಎರಡನೇ ಅಲೆಯಲ್ಲಿ ಮನೆಮಂದಿಗೆಲ್ಲ ಸೋಂಕಾಯಿತು. ಅಲ್ಲಿನ ಡಾಕ್ಟರಮ್ಮ ಫೋನಿನಲ್ಲಿ, ಜ್ವರ ಇರುವಷ್ಟು ದಿನ ಮಾತ್ರೆ ಬೇಡ, ಇಳಿದ ಕೂಡಲೇ ನನ್ನನ್ನು ಕೇಳಿ ಮತ್ತೆ ಶುರು ಮಾಡಿ, ಕಣ್ಣು ತೋರಿಸಿ ಎಂದರು. ಮನೆಯವರು ಪಾಲಿಸಿದ್ದು ಮೊದಲನೆಯ ಮಾತು ಮಾತ್ರ.

ಯಾಕೆಂದರೆ ನಮ್ಮ ಬೀದಿಯ ಮೆಡಿಕಲ್ ಸ್ಟೋರಿನವನಿಗೆ ಡಾಕ್ಟರಿಗಿಂತ ಹೆಚ್ಚು ಗೊತ್ತು.

"ಇದು ಶಕ್ತಿ ಇಳ್ಸೋ ಮಾತ್ರೆ ಕಣಣ್ಣ. ಇಂಥಾ ಟೈಮಲ್ಲಿ ಮಗೂಗೆ ಯಾಕೆ ತಿನ್ನಿಸ್ತೀಯ? ಕಷಾಯ ಕುಡ್ಸು."

ಮಾತ್ರೆ, ತಪಾಸಣೆ ಏನಾಯಿತೆಂದು ನಾನು ಕೇಳಿದಾಗಲೆಲ್ಲ ತಮ್ಮನದು ಒಂದೇ ಹಾಡು. "ಕಣ್ಣು ಬೆಳ್ಳಗಿದೆ ಕಣಕ್ಕ. ನೋವೂ ಇಲ್ಲ. ಸುಮ್ನೆ ಹೆದರಿಸ್ಬೇಡ."

"ನೀನೇನು ಕಣ್ಣಿನ ಡಾಕ್ಟ್ರೇನೋ?"

"ನೀನಾ?"

ಬಾಯಿ ಮುಚ್ಚಿಕೊಂಡೆ. ಇದು ನನ್ನ ಪಾಲಿನ ತಪ್ಪು.

ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಸೂಜಿಗೆ ದಾರ ಪೋಣಿಸಿಕೊಡು ಅಂದೆ. ನನಗೆ ಚಾಳೀಸು ಬಂದಾಗಿನಿಂದ ಆ ಕೆಲಸ ಅವಳದೇ. ಅವಳು ಎಡಗಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು ಪೋಣಿಸಿದಳು.

"ಯಾಕಮ್ಮ ಒಂದು ಕಣ್ಣು ಮುಚ್ಕೊಂಡೆ?"

"ಅದ್ರಲ್ಲಿ ಹೊಗೆ ಇರುತ್ತಲ್ಲ ಅತ್ತೆ. ನಿಂಗೆ ಇರಲ್ವಾ?"

ತಮ್ಮನನ್ನೂ ಎಬ್ಬಿಸಿಕೊಂಡು ಮುಂದಿನ ಬಸ್ಸಿಗೇ ಬೆಂಗಳೂರಿಗೆ ಹೊರಟೆವು. ಡಾಕ್ಟರಮ್ಮ ಯಂತ್ರದ ಮೇಲೆ ಮಗುವಿನ ಗದ್ದ ಇಡಿಸಿ ತುಂಬ ಹೊತ್ತು ನೋಡಿದರು. ಎಡಗಣ್ಣಿನ ಪಾಪೆಯ ಅಂಚು ಅದರ ಹಿಂದಿರುವ ಲೆನ್ಸಿಗೆ ಅಂಟಿಕೊಂಡಿದೆ, ಪೊರೆಯೂ ಶುರುವಾಗಿದೆ ಎಂದರು.

"ಕೊರೊನಾದಿಂದಾನಾ ಮೇಡಂ?" ತಮ್ಮ ಕೇಳಿದ. ಹೌದು ಅನ್ನಲಿ ಎಂಬ ಆಸೆ ಅವನ ದನಿಯಲ್ಲೇ ಇತ್ತು.

"ಇರಬಹುದು. ಸೋಂಕಾದ್ಮೇಲೆ ಕೆಲವು ಮಕ್ಕಳಲ್ಲಿ ಉರಿಯೂತ ಮತ್ತೆ ಕೆರಳುತ್ತೆ. ಇವಳಿಗೆ ಅದೇ ಕಾರಣ ಅಂತ ಹೇಳಕ್ಕಾಗಲ್ಲ. ಮಾತ್ರೆ ನಿಲ್ಸಿದ್ರೆ ಕೆರಳುತ್ತೆ ಅನ್ನೋದು ಮಾತ್ರ ಚೆನ್ನಾಗಿ ಗೊತ್ತು. ಎಷ್ಟು ದಿನ ನಿಲ್ಸಿದ್ರಿ?"

"ಐದು ತಿಂಗಳು" ಎಂದು ನಾನೇ ಹೇಳಿದೆ. ಹೊರಗೆ ಬಂದ ಮೇಲೆ ತಮ್ಮನನ್ನು ಇಷ್ಟೇ ಕೇಳಿದೆ: "ಬೆಳ್ಳಗಿದೆ ಅಂತ ಒಂದು ಗೂಡಾದ್ರೂ ಸೀಳದೆ ತಗೊಂಡಿದ್ದೀಯೇನೋ?"

ಹನಿ, ಮಾತ್ರೆ, ಚುಚ್ಚುಮದ್ದು ಎಲ್ಲ ಆಯಿತು. ಉರಿಯೂತ ಇಳಿಯಿತು. ಎಡಗಣ್ಣಿನ ನೋಟ ಮಾತ್ರ ಅಕ್ಷರಪಟ್ಟಿಯ ಮೇಲಿನ ಮೂರು ಸಾಲಿಗೇ ನಿಂತಿದೆ.

ಮೊನ್ನೆ ಮಾತ್ರೆ ತರಲು ಅವಳನ್ನೂ ಕರೆದುಕೊಂಡು ಹೋಗಿದ್ದೆ. ಮೆಡಿಕಲ್ ಸ್ಟೋರಿನವನು ಬಗ್ಗಿ ಅವಳ ಮುಖ ನೋಡಿದ. "ಕಣ್ಣು ಫಳಫಳ ಅಂತಿದೆ ಬಿಡಕ್ಕ. ಇನ್ನೂ ಯಾಕೆ ಈ ಮಾತ್ರೆ?"

"ಹೊರಗಡೆ ಯಾವಾಗ್ಲೂ ಚೆನ್ನಾಗೇ ಇತ್ತಪ್ಪ" ಅಂದೆ. "ಚೀಟೀಲಿರೋದು ಕೊಡು. ನಿನ್ನ ಮಾತು ಬೇಡ."